ಅಂಟಕ್ಕ ಬೇರೆ ಎಂದ ಗಿಡ

ಸಸ್ಯಸಂಗ್ರಹಾಲಯದಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುತ್ತಲೇ ಇಪ್ಪತ್ತಾರು ವರ್ಷ ಕಳೆದವಳನ್ನು ಎಲ್ಲರೂ ಕರೆಯುತ್ತಿದ್ದುದು ಅಂಟಕ್ಕ ಎಂದೇ. ಅವಳ ಕೋಣೆಯ ಮೂರು ಕಬ್ಬಿಣದ ಬೀರುಗಳ ತುಂಬ ಮರುಭೂಮಿಯ, ಒಣ ಹುಲ್ಲುಗಾವಲಿನ ಗಿಡಗಳು. ಒಂದರಲ್ಲಿ ಮಳೆ ಬಿದ್ದೊಡನೆ ಹುಟ್ಟಿ, ಅವಸರದಲ್ಲಿ ಹೂಬಿಟ್ಟು, ಬೀಜ ಚೆಲ್ಲಿ ಸಾಯುವಂಥವು; ಇನ್ನೊಂದರಲ್ಲಿ ಎಲೆ ಕಾಂಡಗಳಲ್ಲಿ ನೀರು ಕೂಡಿಡುವಂಥವು; ಮೂರನೆಯದರಲ್ಲಿ ನೀರಿಲ್ಲದೆಯೂ ಹಲ್ಲುಕಚ್ಚಿ ಬದುಕುವಂಥವು. ಅವಳು ಓದಿದ್ದು ಹತ್ತನೇ ತರಗತಿ. ಯಾವ ಗಿಡ ಯಾವ ಬೀರುವಿಗೆ ಎಂಬುದು ಮಾತ್ರ ಬೆರಳಿಗೇ ಗೊತ್ತಿತ್ತು.

ಸಂಗ್ರಹ ತಂಡದ ಜೀಪು ಓಡಿಸುತ್ತಿದ್ದವನು ಅವಳ ತಮ್ಮ. ಒಮ್ಮೆ ಟೈರು ಪಂಕ್ಚರ್ ಆದ ಕಡೆ ಸುಮ್ಮನೆ ನಿಲ್ಲಲು ಬೇಸರವಾಗಿ ಒಂದು ಗಿಡ ಕಿತ್ತು ತಂದ. ಮುಖ್ಯಸ್ಥರು ಅದಕ್ಕೆ ಚೌಳು ನೆಲದಲ್ಲಿ ಬೆಳೆಯುವ, ಮೊದಲೇ ಗೊತ್ತಿದ್ದ ಉಪ್ಪುಗಿಡದ ಹೆಸರು ಬರೆದುಕೊಟ್ಟರು. ಉಪ್ಪುಗಿಡದ ಎಲೆ ನುಣುಪು. ಇದರ ಎಲೆಯಡಿ ಬೆಕ್ಕಿನ ಕಿವಿಯಂಥ ರೋಮ. ಇದು ಬೇರೆ ಗಿಡ ಎಂದು ಅಂಟಕ್ಕ ಹೋಗಿ ಹೇಳಿದಳು.

"ಅಂಟಿಸೋದು ನಿಮ್ಮ ಕೆಲಸ, ಹೆಸರಿಡೋದು ನಮ್ದು," ಎಂದರು ಅವರು, ತಲೆಯೆತ್ತದೆ.

ಅವಳು ಅಂಟಿಸಿದಳು. ಆದರೆ ವರ್ಷ ವರ್ಷವೂ ಹೇಳುತ್ತಲೇ ಬಂದಳು. ಅಂಟಕ್ಕನ ಬಾಯಿಗೂ ಒಂಚೂರು ಅಂಟು ಹಚ್ಚಬೇಕು ಎಂದು ಸಹೋದ್ಯೋಗಿಗಳು ನಗಾಡಿದರು.

ಹನ್ನೊಂದು ವರ್ಷಗಳ ಮೇಲೆ ಹೊಸ ಮುಖ್ಯಸ್ಥೆ ಬಂದರು. ಅಂಟಕ್ಕ ತೋರಿಸಿದ ಆ ಹಾಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿ, "ನೀವು ಹೇಳಿದ್ದೇ ಸರಿ, ಇದು ಬೇರೇನೇ," ಎಂದರು. ಜೀವಂತ ಗಿಡ ಹುಡುಕಲು ಅಕ್ಕ ತಮ್ಮ ಇಬ್ಬರನ್ನೂ ಕರೆದುಕೊಂಡು ಹೊರಟರು. ಬೀರುವಿನೊಳಗೆ ಕಂಡಿದ್ದ ನೆಲವನ್ನು ಅಂಟಕ್ಕ ಕಣ್ಣಾರೆ ನೋಡಲು ಹೊರಟದ್ದು ಅದೇ ಮೊದಲು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಒಂದೊಂದೇ ಗಿಡದ ಹೆಸರು ಹೇಳಿದಳು.

ಪಂಕ್ಚರ್ ಆಗಿದ್ದ ತಿರುವಿನಲ್ಲಿ ಜಿಪ್ಸಮ್ ಗಣಿ ಬಾಯಿ ತೆರೆದಿತ್ತು. ಮೂರು ದಿನ ಸುತ್ತಲಿನ ದಿನ್ನೆಗಳನ್ನೆಲ್ಲ ಜಾಲಾಡಿದರು. ಸಿಕ್ಕಿದ್ದೆಲ್ಲ ನುಣುಪು ಎಲೆಯದೇ. ಗಣಿಯ ಯಂತ್ರ ಓಡಿಸುವವನಿಗೆ ಹಾಳೆಯ ಫೋಟೋ ತೋರಿಸಿದರು.

"ನಾಲ್ಕು ವರ್ಷದ ಹಿಂದೆ ಬಂದಿದ್ರೆ ತೋರಿಸ್ತಿದ್ದೆ," ಎಂದ ಅವನು. "ಈ ಕಡೆ ಪೂರ್ತಿ ಇದೇ ಇತ್ತು."

ಹಾಳೆಯ ಮೂಲೆಗೆ ಅಂಟಿಸಿದ್ದ ಪೊಟ್ಟಣದಲ್ಲಿ ಆ ಗಿಡದಿಂದ ಉದುರಿದ ಒಂಬತ್ತು ಬೀಜಗಳಿದ್ದವು. ಅಂಟಕ್ಕ ಅವನ್ನು ಮರಳಿನ ಕುಂಡದಲ್ಲಿ ಬಿತ್ತಿ, ಹನಿ ಹನಿಯಾಗಿ ನೀರು ಕೊಟ್ಟು ಐದು ತಿಂಗಳು ಕಾದಳು. ಒಂದೂ ಮೊಳೆಯಲಿಲ್ಲ.

ಗಿಡಕ್ಕೆ ಅವಳ ಹೆಸರನ್ನೇ ಇಡುವುದಾಗಿ ಮುಖ್ಯಸ್ಥೆ ಹೇಳಿದರು. ಅದು ಈಗ ಎಲ್ಲೂ ಉಳಿದಿಲ್ಲವೆಂದು ಹೆಸರು ಪ್ರಕಟಿಸುವ ಪುಟದಲ್ಲೇ ಬರೆಯಬೇಕಿತ್ತು.

"ಬೇಡಮ್ಮ," ಎಂದಳು ಅಂಟಕ್ಕ. "ಇದ್ದಾಗ ಇಟ್ಟಿದ್ರೆ ಬೇರೆ ಮಾತು."

ಮರುತಿಂಗಳು ಖಾಲಿ ಹಾಳೆ ಕತ್ತರಿಸುವ ಕೋಣೆಗೆ ವರ್ಗ ಕೇಳಿಕೊಂಡಳು. ಯಾಕೆಂದು ತಮ್ಮ ಕೇಳಿದ.

"ಅಲ್ಲಿ ಗುರುತು ಹಿಡಿಯೋದು ಏನೂ ಇರಲ್ಲ ಕಣೋ," ಎಂದಳು.