ಮುದ್ದಮ್ಮನ ತಿಪ್ಪೆ

ಅರಸೀಕೆರೆಯಿಂದ ಮಾಲೇಕಲ್ಲಿಗೆ ಹೋಗುವ ದಾರಿಯಲ್ಲಿ ಹೊಸ ಬಡಾವಣೆ ಎದ್ದಾಗ ಅದರ ಬೆನ್ನಿಗೇ ಮುದ್ದಮ್ಮನ ತಿಪ್ಪೆಯಿತ್ತು. ತಿಪ್ಪೆ ಮೊದಲಿನಿಂದ ಅಲ್ಲೇ ಇದ್ದದ್ದು, ಆಮೇಲೆ ಬಂದದ್ದು ಬಡಾವಣೆ. ಆದರೂ ಮೂಗು ಮುಚ್ಚಿಕೊಂಡವರು ಬಡಾವಣೆಯವರೇ. ಎರಡು ದನ ಕಟ್ಟಿ, ಸಗಣಿ ಬೂದಿ ಹೊತ್ತು ಹಾಕಿ, ವರ್ಷವಿಡೀ ಕೊಳೆಸಿದ ಆ ಗೊಬ್ಬರದಿಂದಲೇ ಅವಳ ರಾಗಿಹೊಲ ಬೆಳೆಯಬೇಕು. ಗಂಡ ಗಂಗಯ್ಯ ಗುದ್ದಲಿಯಿಂದ ಕೆದಕಿದರೆ ಅವಳು ಬರಿಗೈಯಲ್ಲಿ ಮಕ್ಕರಿಗೆ ತುಂಬುತ್ತಿದ್ದಳು.

ಬಡಾವಣೆಯಿಂದ ತಿಪ್ಪೆಗೆ ಮೊದಲು ಬಂದು ಬಿದ್ದದ್ದು ಸವೆದ ಬ್ಯಾಟರಿ ಸೆಲ್ಲು. ಆಮೇಲೆ ಕ್ಯಾಸೆಟ್ಟಿನ ರೀಲು, ಸುಟ್ಟ ಟ್ಯೂಬ್‌ಲೈಟು. ಹೊಲಕ್ಕೆ ಹೋಗುವ ಗೊಬ್ಬರಕ್ಕೆ ಇದನ್ನೆಲ್ಲ ಬೆರೆಸುವವರು ತಾವು ಉಣ್ಣುವ ತಟ್ಟೆಗೂ ಬೆರೆಸಿಕೊಳ್ಳಲಿ ಎಂದು ಶಪಿಸುತ್ತಲೇ ಮುದ್ದಮ್ಮ ಆರಿಸಿ ಪಕ್ಕಕ್ಕಿಟ್ಟಳು.

೨೦೦೪ರ ದೀಪಾವಳಿಗೆ ಬಡಾವಣೆಯ ಕಲ್ಲೇಶಪ್ಪನವರ ಮನೆಗೆ ಕಲರ್ ಟಿ.ವಿ. ಬಂತು. ಹಳೆಯದನ್ನು ಅಂಗಡಿಯವನು ಬೇಡವೆಂದ. ಗುಜರಿಯವನು ಒಳಗಿನ ತಾಮ್ರದ ಸುರುಳಿ ಕಿತ್ತುಕೊಂಡು, ಗಾಜು ನೀವೇ ಇಟ್ಟುಕೊಳ್ಳಿ ಎಂದ. ಯಾರಿಗೂ ಬೇಡವಾದ ಪಿಕ್ಚರ್ ಟ್ಯೂಬು ಚೂರುಚೂರಾಗಿ ಮುದ್ದಮ್ಮನ ತಿಪ್ಪೆಗೆ ಬಿತ್ತು. ನರಕ ಚತುರ್ದಶಿಯ ಬೆಳಿಗ್ಗೆ ಸಗಣಿ ಹಾಕಲು ಹೋದ ಗಂಗಯ್ಯ ಅಂಗಾಲು ಸೀಳಿಕೊಂಡು ಬಂದ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಬೇಕಾಯಿತು.

ಮುದ್ದಮ್ಮ ನೆಟ್ಟಗೆ ಕಲ್ಲೇಶಪ್ಪನವರ ಗೇಟಿಗೆ ಹೋಗಿ ನಿಂತಳು.

"ಗಾಜೆಲ್ಲ ಗೊಬ್ಬರದೊಳಗೆ ಸೇರ್ಕಂಡೈತೆ, ಸ್ವಾಮಿ. ಅದು ಹೊಲಕ್ಕೋದ್ರೆ ಕಳೆ ಕೀಳೋರ ಬೆರಳು ಉಳೀತಾವಾ? ಬಂದು ಆಯ್ಕಳಿ."

"ತಿಪ್ಪೆ ಅಂದ್ಮೇಲೆ ಕಸ ಬೀಳುತ್ತೆ ಕಣಮ್ಮ. ನಿನ್ನ ಗಂಡ ನೋಡ್ಕೊಂಡು ಕಾಲಿಡಬೇಕಿತ್ತು," ಎಂದರು ಕಲ್ಲೇಶಪ್ಪ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ. ಮುದ್ದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ಗಾಜನ್ನು ಅವಳು ಮುಟ್ಟಲಿಲ್ಲ.

ಬಲಿಪಾಡ್ಯಮಿಯ ಸಂಜೆ ಆ ಸೀಮೆಯಲ್ಲಿ ತಿಪ್ಪೆಗೆ ಪೂಜೆ. ಗೊಬ್ಬರವೇ ಲಕ್ಷ್ಮಿ ಎಂದು ಚೆಂಡುಹೂವು ಏರಿಸಿ ದೀಪ ಇಡುತ್ತಾರೆ. ಬಡಾವಣೆಯವರಿಗೆ ದನವಿಲ್ಲ, ತಿಪ್ಪೆಯಿಲ್ಲ, ಶಾಸ್ತ್ರ ಮಾತ್ರ ಬಿಟ್ಟಿರಲಿಲ್ಲ. ವರ್ಷವೆಲ್ಲ ಮೂಗು ಮುಚ್ಚಿದವರು ಅದೊಂದು ದಿನ ತಟ್ಟೆ ಹಿಡಿದು ಮುದ್ದಮ್ಮನ ತಿಪ್ಪೆಗೇ ಬರುತ್ತಿದ್ದರು. ಆ ಸಲ ಎಲ್ಲರಿಗಿಂತ ಮುಂದೆ ಬಂದವರು ಕಲ್ಲೇಶಪ್ಪನವರ ಹೆಂಡತಿ ಗುರುಸಿದ್ದಮ್ಮ, ರೇಷ್ಮೆ ಸೀರೆ ಉಟ್ಟು.

ಮುದ್ದಮ್ಮ ಅಡ್ಡ ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬನ್ರಮ್ಮ, ದೀಪ ಇಡಿ. ಲಕ್ಷ್ಮಿ ಅಂತೀರಲ್ಲ, ಚಪ್ಲಿ ಬಿಟ್ಟು ಹತ್ತಿ."

ಗುರುಸಿದ್ದಮ್ಮ ಚಪ್ಪಲಿ ಬಿಟ್ಟು ಒಂದು ಕಾಲೆತ್ತಿದರು. ಇಳಿಬಿಸಿಲಿಗೆ ಗೊಬ್ಬರದ ತುಂಬ ಗಾಜು ಮಿನುಗುತ್ತಿತ್ತು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟರು.

"ಗಾಜಿದೆಯಲ್ಲ, ಮುದ್ದಮ್ಮ."

"ಐತೆ. ನಿಮ್ಮನೇದೇ. ಆಯ್ದಾಕಿ ಆಮೇಲೆ ದೀಪ ಇಡಿ."

ಹಿಂದೆ ನಿಂತ ಹೆಂಗಸರೆಲ್ಲ ಗುರುಸಿದ್ದಮ್ಮನನ್ನೇ ನೋಡುತ್ತಿದ್ದರು. ಗುರುಸಿದ್ದಮ್ಮ ತಟ್ಟೆಯನ್ನು ನೆಲಕ್ಕಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಗಂಡನನ್ನು ಕರೆತರಲು ಮನೆಯ ಕಡೆ ತಿರುಗಿದರು.

"ಅವ್ರಿಗೂ ಹೇಳಿ," ಎಂದಳು ಮುದ್ದಮ್ಮ, "ಬರಿಗಾಲಲ್ಲೇ ಬರ್ಬೇಕು."