ವಿಷ ಹಾಕದ ತೊಟ್ಟಿ

1991ರಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ ನಾನು ಓದು ನಿಲ್ಲಿಸಿದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಬೇರೆ ಊರುಗಳ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ದುಡಿದು ಕೆಲಸ ಕಲಿತು, ಹಾಸನ ಜಿಲ್ಲೆಯ ದುದ್ದದ ಹತ್ತಿರ ನಮ್ಮ ಹೊಲದಲ್ಲೇ ಬಳ್ಳಿ ನೆಟ್ಟೆ. 2009ರ ಹೊತ್ತಿಗೆ ಲೈಸೆನ್ಸ್ ಪಡೆದು ಮನೆಯವರೇ ಸೇರಿ ವೈನ್ ಮಾಡುತ್ತಿದ್ದೆವು. ನಾನು, ಹೆಂಡತಿ ಗಿರಿಜಾ, ತಮ್ಮ ಮಾದೇವ, ಅವ್ವ.

ರಾಸಾಯನಿಕದ ಒಂದು ಹನಿಯೂ ಇಲ್ಲ. ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳುವುದು, ಚಳಿಗಾಲ ಕಳೆದ ಮೇಲೆ ತೆಗೆದು ನೀರಲ್ಲಿ ಕದಡಿ ತೋಟಕ್ಕೆ ಚಿಮುಕಿಸುವುದು, ಪಂಚಾಂಗ ನೋಡಿ ಹಣ್ಣು ಕೊಯ್ಯುವುದು. "ಏನ್ಲಾ, ಮಾಟ ಮಾಡ್ತಿದ್ದೀಯಾ? ನಮ್ಮೊಲಕ್ಕೂ ಒಂದು ಕೊಂಬು ಊಳ್ಲಾ" ಎಂದು ಊರವರು ನಗುತ್ತಿದ್ದರು.

ಹೀಗೇ ಒಂದು ಬೆಳಿಗ್ಗೆ ಪಂಚಾಂಗದಂತೆ ಕೊಯ್ದ ಹಣ್ಣು ಅಂಗಳದಲ್ಲಿತ್ತು. ಸಿಮೆಂಟ್ ತೊಟ್ಟಿಯಿಂದ ಹಿಂದಿನ ವೈನ್ ಇಳಿಸಿಯಾಗಿತ್ತು; ತಳದಲ್ಲಿ ಹುಳಿತ ಸಿಪ್ಪೆ ಮಾತ್ರ ಉಳಿದಿತ್ತು. ಅದನ್ನು ಬಾಚಿ ತೆಗೆದ ಮೇಲೆಯೇ ಹೊಸ ಹಣ್ಣು ಹಾಕಬೇಕು. ಫ್ಯಾನ್ ಹಚ್ಚಿ ಗಾಳಿ ಆಡಿಸಿದ ಮೇಲೆಯೇ ಇಳಿಯುವುದು ರೂಢಿ. ಅವತ್ತು ಕರೆಂಟ್ ಇರಲಿಲ್ಲ.

"ಸ್ವಲ್ಪ ತಡಿಯೋ" ಅಂದೆ ಮಾದೇವನಿಗೆ.

"ನಾವೇನು ವಿಸ ಆಕಿದ್ದೀವಾ ಇದ್ಕೆ? ಅಣ್ಣು ಬಿಸ್ಲಲ್ಲಿ ಬಾಡ್ತಾ ಅದೆ ಕಣಣ್ಣ" ಎಂದವನೇ ಮಾದೇವ ಏಣಿ ಇಳಿದ.

"ಬುಟ್ಟಿ ಕೊಡು" ಅಂದ. ಕೊಡಲು ಬಗ್ಗಿದೆ. ಅವನ ಕೈ ಮೇಲೆ ಬರಲಿಲ್ಲ. ಮಂಡಿಯೂರಿ, ಹಾಗೇ ಸಿಪ್ಪೆಯ ಮೇಲೆ ಒರಗಿಬಿಟ್ಟ.

ಏಣಿಗೆ ಕಾಲಿಟ್ಟೆ. ಗಿರಿಜಾ ನನ್ನ ಅಂಗಿ ಹಿಡಿದು ಜಗ್ಗಿದಳು. "ಇಳೀಬ್ಯಾಡ ಕಣ್ಲಾ! ಅಗೇವು ಇದ್ದಂಗೆ ಅದು!" ಎಂದು ಅವ್ವ ಕಿರುಚಿದಳು. ಹಗೇವು ಅಂದರೆ ರಾಗಿ ತುಂಬಿಡುವ ನೆಲದ ಗುಂಡಿ. ಬಾಯಿ ತೆಗೆದಾಗ ಮೊದಲು ದೀಪ ಇಳಿಬಿಡುತ್ತಾರೆ. ಅದು ಆರಿದರೆ ಯಾರೂ ಇಳಿಯುವುದಿಲ್ಲ. ಒಬ್ಬನನ್ನು ಎತ್ತಲು ಹೋಗಿ ಇನ್ನೊಬ್ಬನೂ ಸತ್ತ ಕಥೆ ಕೇಳಿಯೇ ಬೆಳೆದವರು ನಾವು. ಹುಳಿಯುವ ದ್ರಾಕ್ಷಿಯೂ ಉಸಿರುಗಟ್ಟಿಸುವ ಗಾಳಿ ಬಿಡುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಆದರೂ ತಮ್ಮ ಕಣ್ಣೆದುರಿಗೇ ಬಿದ್ದಿದ್ದಾನೆ, ಕಾಲು ಏಣಿಯಿಂದ ಹಿಂದಕ್ಕೆ ಬರಲೊಲ್ಲದು.

ಗಿರಿಜಾ ಬಾವಿಕಟ್ಟೆಗೆ ಓಡಿ ಪಾತಾಳಗರಡಿ ತಂದಳು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಕೊಕ್ಕೆಗಳ ಗೊಂಚಲು ಅದು. ಹಗ್ಗ ಕಟ್ಟಿ ಇಳಿಬಿಟ್ಟೆ. ಅಂಗಿಗೆ ಸಿಕ್ಕಿ, ಅಂಗಿಯೇ ಹರಿಯಿತು. ಮತ್ತೆ ಬಿಟ್ಟೆ. ಕೊಕ್ಕೆ ಜಾರಿ ಅವನ ಕೆನ್ನೆಗೆ ತಾಗಿ ರಕ್ತ ಬಂತು. ಅವನು ಅಲುಗಲಿಲ್ಲ. ಕೊನೆಗೆ ಸೊಂಟದ ಬೆಲ್ಟಿಗೆ ಸಿಕ್ಕಿತು. ಮೂವರೂ ಸೇರಿ ಜಗ್ಗಿ ಮೇಲೆ ಹಾಕಿದೆವು.

ಮುಖ ನೀಲಿಗಟ್ಟಿತ್ತು. "ಉಸ್ರಾಡ್ಲಾ, ನನ್ನಪ್ಪಾ, ಉಸ್ರಾಡು" ಎಂದು ಅವ್ವ ಅವನ ಎದೆ ಗುದ್ದಿದಳು. ಬಹಳ ಹೊತ್ತಾಯಿತು ಅನ್ನಿಸಿದ ಮೇಲೆ ಕೆಮ್ಮಿದ. ಆಟೋದಲ್ಲಿ ಹಾಸನದ ಆಸ್ಪತ್ರೆಗೆ ಹೊತ್ತೊಯ್ದೆವು. ಸಂಜೆ ಕಣ್ಣು ಬಿಟ್ಟವನು ನನ್ನನ್ನೇ ನೋಡಿ, "ಬಿಂದ್ಗೆ ಎತ್ದಂಗೆ ಎತ್ಬುಟ್ಯಲ್ಲಣ್ಣ" ಅಂದ. ಅವ್ವ ಅಳುತ್ತಲೇ ಅವನ ತಲೆಗೆ ಮೊಟಕಿದಳು.

ನಾವು ವಿಷ ಹಾಕದಿದ್ದರೆ ವಿಷವೇ ಇರುವುದಿಲ್ಲ ಎಂದುಕೊಂಡಿದ್ದೆವು. ಈಗ ಎಷ್ಟು ಹೊತ್ತು ಫ್ಯಾನ್ ಓಡಿದ್ದರೂ ತೊಟ್ಟಿಗೆ ಮೊದಲು ದೀಪ ಇಳಿಬಿಡುತ್ತೇನೆ. ಒಮ್ಮೊಮ್ಮೆ ಅದು ಆರುತ್ತದೆ. ಆಗ ಏಣಿಯ ಹತ್ತಿರ ನಿಲ್ಲಲಾರೆ.

ನನಗೆ ಈಗ ಇರುವುದು ಮೂರು ಎಕರೆ ದ್ರಾಕ್ಷಿ, ನಾಲ್ಕು ತೊಟ್ಟಿ, ಆರು ಹಸು, ಒಬ್ಬ ತಮ್ಮ.