ಗೇಮಿಂಗ್ ಲ್ಯಾಪ್‌ಟಾಪಿನ ಬಿಸಿಗಾಳಿ

ಗೆಳೆಯರೇ, ನಾಲ್ಕು ದಿನದಿಂದ ಆನ್ ಆಗದ ನನ್ನ ಗೇಮಿಂಗ್ ಲ್ಯಾಪ್‌ಟಾಪನ್ನು ಇವತ್ತು ಕೊಪ್ಪದ ರಿಪೇರಿ ಅಂಗಡಿಗೆ ಒಯ್ದೆ. ಅಮ್ಮನೂ ಜೊತೆಗಿದ್ದಳು.

ಅಂಗಡಿಯವರು ಬಿಚ್ಚಿ ನೋಡಿ, "ಒಳಗೆ ನೀರಿಳಿದು ತುಕ್ಕು ಹಿಡಿದಿದೆ ಮಾರಾಯ್ರೆ. ಹೊಸದು ತಗೊಳ್ಳೋದೇ ಒಳ್ಳೇದು" ಎಂದರು.

ನನಗೆ ನಂಬಿಕೆಯೇ ಬರಲಿಲ್ಲ. ಅದರ ಹತ್ತಿರ ಚಹಾ ಲೋಟವನ್ನೂ ಇಡದವನು ನಾನು. ಆದರೂ ಹೊಸದಕ್ಕೆ ಮನಸ್ಸು ಮಾಡಿದೆ.

ಅಷ್ಟರಲ್ಲಿ ಅಮ್ಮ ಕೇಳಿದಳು: "ಹೊಸದೂ ಹೀಗೇ ಪಕ್ಕದಿಂದ ಬಿಸಿಗಾಳಿ ಬಿಡ್ತದಾ?"

"ಇಲ್ಲಮ್ಮಾ, ಈಗಿನವು ಅಷ್ಟು ಬಿಸಿ ಆಗೋದಿಲ್ಲ" ಎಂದರು ಅಂಗಡಿಯವರು.

"ಹಾಗಾದ್ರೆ ಬೇಡ, ಇದನ್ನೇ ರಿಪೇರಿ ಮಾಡಿ. ಈ ಮಳೆಗಾಲದಲ್ಲಿ ಇವನ ಸಾಕ್ಸ್ ಮತ್ತೆಲ್ಲಿ ಒಣಗ್ಸೋದು?"

ಅಂಗಡಿಯವರು ನನ್ನ ಮುಖ ನೋಡಿದರು. ಲ್ಯಾಪ್‌ಟಾಪನ್ನು ರಿಪೇರಿಗೇ ಬಿಟ್ಟು ಬಂದೆ. ನಾಲ್ಕು ದಿನದಿಂದ ನನ್ನ ಸಾಕ್ಸ್ ಯಾಕೆ ಒದ್ದೆ ಎಂಬುದೂ ಗೊತ್ತಾಯಿತು.